ಒಂದು ಹೂಜಿ, ಎರಡು ಈರುಳ್ಳಿ: ಸ್ಟಿಲ್ ಲೈಫ್ ಚಿತ್ರದಲ್ಲಿ ನೋಡೋಕೆ ಏನಿದೆ?

ಅರ್ಧ ಪೆನ್ಸಿಲ್:

ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ. ಚಿತ್ರ ನೋಡುವುದು ನನಗೆ ಇಷ್ಟ. ಮುಖ, ಯುದ್ಧ, ಸಮುದ್ರ, ಮಳೆಯಲ್ಲಿ ನೆನೆದ ಬೀದಿ, ಇಂಥದ್ದು ಸಿಕ್ಕಿದರೆ ಅರ್ಧ ಗಂಟೆ ಅಲ್ಲೇ ನಿಂತುಬಿಡುತ್ತೇನೆ. ಆದರೆ ಈ ಸ್ಟಿಲ್ ಲೈಫ್ ಮಾತ್ರ ತಲೆಗೆ ಹತ್ತಿಲ್ಲ. ತಟ್ಟೆ ತುಂಬ ಹಣ್ಣು, ಒಂದು ಚಾಕು, ಒಂದು ಗಾಜಿನ ಲೋಟ, ಹಿಂದೆ ಕಪ್ಪು ಗೋಡೆ. ಮ್ಯೂಸಿಯಂನಲ್ಲಿ ಆ ಕೋಣೆ ಬಂತು ಅಂದರೆ ನನಗೆ ಕಾಲುನೋವು ನೆನಪಾಗುತ್ತದೆ, ಬೆಂಚು ಹುಡುಕುತ್ತೇನೆ.

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ, ಇತ್ತೀಚೆಗೆ ಚಿತ್ರ ಬರೆಯುವ ಕ್ಲಾಸಿಗೆ ಸೇರಿದ್ದೇನೆ. ಅಲ್ಲಿ ಮೂರು ವಾರದಿಂದ ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ, ಎರಡು ಈರುಳ್ಳಿ, ಮಡಿಕೆ ಬಿದ್ದ ಒಂದು ಬಟ್ಟೆ. ಅಷ್ಟೇ. ಒಂದು ಈರುಳ್ಳಿಗೆ ಮೊಳಕೆಯೇ ಬಂದುಬಿಟ್ಟಿದೆ. "ಸಾರ್, ಬೇರೆ ಈರುಳ್ಳಿ ಇಡೋಣವಾ" ಅಂತ ಕೇಳಿದರೆ "ಯಾಕೆ? ಮೊಳಕೆಯನ್ನೂ ಬರಿ" ಅಂದರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇದು ಶುರುವಾಗಿದ್ದು ಯಾವಾಗ? ದುಡ್ಡು ಕೊಟ್ಟು ಯಾರು ಕೊಳ್ಳುತ್ತಿದ್ದರು? ನಾನು ಏನು ನೋಡಬೇಕಿತ್ತು, ಏನು ನೋಡದೆ ಬಂದೆ? ಸುಮ್ನೆ "ಬೆಳಕು ನೋಡಿ" ಅಂತ ಹೇಳಿ ಕೈತೊಳೆದುಕೊಳ್ಳಬೇಡಿ, ಅದನ್ನು ಮೇಷ್ಟ್ರು ದಿನಾ ಹೇಳುತ್ತಾರೆ.

ಹಳೇ ಕುಂಚ:

ನಿಮ್ಮ ಮೇಷ್ಟ್ರು ನನಗೆ ಇಷ್ಟವಾದರು.

ಶುರು ಎಲ್ಲಿಂದ ಅಂದರೆ ಎಲ್ಲರೂ ಗ್ರೀಕರ ಜ್ಯೂಕ್ಸಿಸ್ ಕತೆ ಹೇಳುತ್ತಾರೆ. ಅವನು ಬರೆದ ದ್ರಾಕ್ಷಿಯನ್ನು ನಿಜ ಅಂದುಕೊಂಡು ಹಕ್ಕಿಗಳು ಕುಕ್ಕಲು ಬಂದವಂತೆ. ಇದನ್ನು ಬರೆದಿಟ್ಟವನು ರೋಮಿನ ಪ್ಲಿನಿ. ನನಗೆ ಆ ಕತೆಯ ಉಳಿದರ್ಧವೇ ಜಾಸ್ತಿ ಇಷ್ಟ. ಗೆದ್ದೆ ಅಂತ ಬೀಗುತ್ತ ಜ್ಯೂಕ್ಸಿಸ್ ತನ್ನ ಎದುರಾಳಿ ಪರ‍್ಹೇಸಿಯಸ್‌ಗೆ "ಎಲ್ಲಿ, ಪರದೆ ಸರಿಸು, ನಿನ್ನ ಚಿತ್ರ ನೋಡೋಣ" ಅಂದನಂತೆ. ಪರದೆಯೇ ಚಿತ್ರ! ಹಕ್ಕಿಗೆ ಮೋಸ ಮಾಡಿದವನಿಗೇ ಮೋಸ. ಕತೆ ನಿಜವೋ ಸುಳ್ಳೋ ಬಿಡಿ, ಒಂದು ಹಣ್ಣನ್ನು ಹಣ್ಣಿನ ಹಾಗೇ ಬರೆಯುವುದೇ ಒಂದು ದೊಡ್ಡ ಕೆಲಸ ಅಂತ ಆಗಲೇ ಜನ ಜಗಳ ಕಾಯುತ್ತಿದ್ದರು ಅನ್ನುವುದಂತೂ ಗೊತ್ತಾಗುತ್ತದೆ.

ಕತೆ ಬೇಡ, ಕಣ್ಣಿಗೆ ಕಾಣುವುದೇ ಬೇಕು ಅಂದರೆ ವೆಸೂವಿಯಸ್ ಬೂದಿಯ ಕೆಳಗೆ ಹೋಗಬೇಕು. ಕ್ರಿ.ಶ. 79ರಲ್ಲಿ ಆ ಬೆಟ್ಟ ಸಿಡಿದಾಗ ಪಾಂಪೇ ಜೊತೆ ಹರ್ಕ್ಯುಲೇನಿಯಂ ಕೂಡ ಮುಚ್ಚಿಹೋಯಿತು. ಅಲ್ಲಿನ ಒಂದು ಗೋಡೆಯ ತುಂಡು ಈಗ ನೇಪಲ್ಸ್‌ನ ಮ್ಯೂಸಿಯಂನಲ್ಲಿದೆ. ಹಸಿರು ಬಣ್ಣದ ಪೀಚ್ ಹಣ್ಣುಗಳು, ಒಂದನ್ನು ಯಾರೋ ಸ್ವಲ್ಪ ತಿಂದಿದ್ದಾರೆ, ಒಳಗಿನ ಬೀಜ ಕಾಣುತ್ತದೆ. ಪಕ್ಕದಲ್ಲಿ ಗಾಜಿನ ಜಾಡಿ, ಅದರಲ್ಲಿ ನೀರು. ಆ ನೀರಿನ ಮಟ್ಟ ಗಾಜಿಗೆ ತಾಗುವ ಜಾಗವನ್ನು ಒಂದು ಬಿಳಿ ಗೀಟಿನಲ್ಲಿ ಹಿಡಿದಿದ್ದಾನೆ ಆ ಪುಣ್ಯಾತ್ಮ. ಎರಡು ಸಾವಿರ ವರ್ಷ ಹತ್ತಿರ ಬಂತು, ನೀರು ಇನ್ನೂ ಒದ್ದೆಯಾಗಿಯೇ ಇದೆ.

ರೋಮನ್ನರು ಇಂಥ ಚಿತ್ರಗಳಿಗೆ "ಕ್ಸೇನಿಯಾ" ಅನ್ನುತ್ತಿದ್ದರು. ಅತಿಥಿಗೆ ಕೊಡುವ ಕೊಡುಗೆ ಅಂತ ಅರ್ಥ. ಗ್ರೀಕ್ ಮನೆಗಳಲ್ಲಿ ನೆಂಟರು ಬಂದ ಮೊದಲ ದಿನ ಜೊತೆಗೆ ಕೂರಿಸಿ ಊಟ ಹಾಕುತ್ತಿದ್ದರು, ಮಾರನೇ ದಿನದಿಂದ ಕೋಳಿ, ಮೊಟ್ಟೆ, ತರಕಾರಿ, ಹಣ್ಣು ಅವರ ಕೋಣೆಗೇ ಕಳಿಸುತ್ತಿದ್ದರು, ಆ ಸಾಮಾನಿನ ಚಿತ್ರಕ್ಕೆ ಅದೇ ಹೆಸರು ಬಂತು ಅಂತ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಇನ್ನೂ ಒಂದು ಮಜಾ ಇದೆ. ಪರ್ಗಮಮ್ ಊರಿನಲ್ಲಿ ಸೋಸಸ್ ಅನ್ನುವವನು ಒಂದು ನೆಲ ಮಾಡಿದ್ದ. ಊಟ ಮುಗಿದ ಮೇಲೆ ಗುಡಿಸದೆ ಬಿಟ್ಟ ನೆಲ. ಮೀನಿನ ಮುಳ್ಳು, ಕಾಯಿಸಿಪ್ಪೆ, ಕೋಳಿಕಾಲು ಎಲ್ಲವೂ ಕಲ್ಲಿನ ಚೂರುಗಳಲ್ಲಿ, ಒಂದೊಂದರ ನೆರಳಿನ ಸಮೇತ. ಅದನ್ನು ನೋಡಿ ರೋಮಿನವರು ಮಾಡಿಸಿಕೊಂಡ ನೆಲ ಈಗ ವ್ಯಾಟಿಕನ್‌ನಲ್ಲಿದೆ, ಅದರಲ್ಲಿ ಒಂದು ಇಲಿ ಅಕ್ರೋಟು ಕಡಿಯಲು ಬಂದಿದೆ. ದುಬಾರಿ ಕೊಟ್ಟು ಕಸದ ನೆಲ ಮಾಡಿಸಿಕೊಳ್ಳುವ ಶೋಕಿ ಆಗಲೇ ಇತ್ತು.

ಆಮೇಲೆ ಯುರೋಪಿನಲ್ಲಿ ನೂರಾರು ವರ್ಷ ಸಾಮಾನುಗಳು ದೇವರ ಚಿತ್ರದ ಮೂಲೆಯಲ್ಲೇ ಇದ್ದವು. ಮೇರಿಯ ಪಕ್ಕ ಒಂದು ಲಿಲ್ಲಿ ಹೂವು, ಸಂತನ ಮೇಜಿನ ಮೇಲೆ ಒಂದು ಪುಸ್ತಕ, ಒಂದು ರೊಟ್ಟಿ. ಮೂಲೆಯಿಂದ ಎದ್ದು ನಡುವಿಗೆ ಬಂದಿದ್ದು ಸುಮಾರು 1600ರ ಹೊತ್ತಿಗೆ. ಆಶ್ಚರ್ಯ ಏನೆಂದರೆ ಇಟಲಿ, ಸ್ಪೇನ್, ಆಂಟ್ವರ್ಪ್ ಹೀಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಬಂತು. ಇಟಲಿಯ ಚಿತ್ರಗಾರ ಕಾರವಾಜ್ಜೊ ಬರೆದ ಹಣ್ಣಿನ ಬುಟ್ಟಿ ಮಿಲಾನ್‌ನ ಅಂಬ್ರೋಸಿಯಾನಾ ಮ್ಯೂಸಿಯಂನಲ್ಲಿದೆ. ಬುಟ್ಟಿ ಬಿಟ್ಟರೆ ಬೇರೆ ಏನೂ ಇಲ್ಲ. ಆದರೆ ಎದುರಿಗಿರುವ ಸೇಬಿಗೆ ಹುಳ ಕೊರೆದ ತೂತು ಇದೆ, ಬಲಗಡೆಯ ಎಲೆಗಳು ಒಣಗಿ ಸುರುಟಿವೆ. ಚೆನ್ನಾಗಿರುವ ಸೇಬು ಅವನಿಗೆ ಸಿಗಲಿಲ್ಲವಾ? ಸಿಗದೆ ಏನು. ಹುಳವನ್ನೂ ಬರಿ ಅಂತ ಅವನಿಗೆ ಯಾರೂ ಹೇಳಬೇಕಿರಲಿಲ್ಲ, ಅಷ್ಟೇ.

ಅದೇ ಕಾಲಕ್ಕೆ ಸ್ಪೇನಿನ ಟೊಲೆಡೊದಲ್ಲಿ ಸಾಂಚೆಜ್ ಕೊಟಾನ್ ಅಂತ ಒಬ್ಬ. ಅವನ ಒಂದು ಚಿತ್ರ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿದೆ, ಸುಮಾರು 1602ರದ್ದು. ಕಲ್ಲಿನ ಒಂದು ಕಿಟಕಿ, ಆಚೆ ಕಡುಗಪ್ಪು. ಕ್ವಿನ್ಸ್ ಹಣ್ಣು ಮತ್ತು ಎಲೆಕೋಸು ದಾರದಲ್ಲಿ ನೇತಾಡುತ್ತಿವೆ, ಕೆಳಗೆ ಕೊಯ್ದ ಕರ್ಬೂಜ, ಅಂಚಿನಿಂದ ನಮ್ಮ ಕಡೆಗೆ ಚಾಚಿಕೊಂಡ ಒಂದು ಸೌತೆಕಾಯಿ. ಆಗ ಹಣ್ಣು ತರಕಾರಿ ಬೇಗ ಕೊಳೆಯದಿರಲಿ ಅಂತ ತಂಪಾದ ಜಾಗದಲ್ಲಿ ನೇತುಹಾಕುತ್ತಿದ್ದರು, ಹಾಗಾಗಿ ದಾರ ವಿಚಿತ್ರವೇನಲ್ಲ. ಆದರೆ ಐದನ್ನೂ, ತಪ್ಪು, ನಾಲ್ಕನ್ನೂ ಒಂದು ಬಾಗಿದ ಗೆರೆಯಲ್ಲಿ ಇಳಿಸಿರುವ ರೀತಿ ನೋಡಿದರೆ ಗ್ರಹಗಳು ಸುತ್ತುತ್ತಿರುವ ಹಾಗೆ ಕಾಣುತ್ತದೆ. 1603ರಲ್ಲಿ ಆ ಮನುಷ್ಯ ಟೊಲೆಡೊದ ಕೆಲಸವನ್ನೆಲ್ಲ ಮುಚ್ಚಿ ಮಠ ಸೇರಲು ಹೊರಟುಹೋದ. ಆ ಕೋಸು ನೋಡಿದ ಮೇಲೆ ನನಗೆ ಅದು ಆಶ್ಚರ್ಯ ಅನ್ನಿಸಲಿಲ್ಲ.

ಯಾರು ಕೊಂಡರು ಅನ್ನುವ ಪ್ರಶ್ನೆಗೆ ಬೇರೆಯವರು ಬರೆಯಲಿ, ಕೈ ನೋಯುತ್ತಿದೆ.

ಮುಸುಕಿನ ಗುದ್ದು:

ನಾನು ಬರೆಯುತ್ತೇನೆ, ಆದರೆ ನಿಮಗೆ ಇಷ್ಟವಾಗಲಿಕ್ಕಿಲ್ಲ.

ಕೊಂಡವರು ದುಡ್ಡಿದ್ದವರು. 17ನೇ ಶತಮಾನದ ಹಾಲೆಂಡಿನಲ್ಲಿ ಪ್ರಾಟೆಸ್ಟಂಟರ ಚರ್ಚುಗಳು ಚಿತ್ರ ಬರೆಸುವುದನ್ನು ನಿಲ್ಲಿಸಿದ್ದವು, ಅರಸರ ಆಸ್ಥಾನವೂ ದೊಡ್ಡದಿರಲಿಲ್ಲ. ಚಿತ್ರಗಾರರಿಗೆ ಉಳಿದ ಗಿರಾಕಿ ಅಂದರೆ ವ್ಯಾಪಾರಿ. ಅವನ ಮನೆಗೋಡೆಗೆ ದೇವರ ಚಿತ್ರಕ್ಕಿಂತ ಅವನ ಸಾಮಾನಿನ ಚಿತ್ರವೇ ಚೆಂದ. ವಿಲೆಮ್ ಕಾಲ್ಫ್ ಬರೆದದ್ದು ನೋಡಿ: ಚೀನಾದ ಪಿಂಗಾಣಿ, ಪೂರ್ವದ ರತ್ನಗಂಬಳಿ, ನಾಟಿಲಸ್ ಚಿಪ್ಪಿಗೆ ಬೆಳ್ಳಿ ಕಟ್ಟಿಸಿ ಮಾಡಿದ ಪಾತ್ರೆ, ದಕ್ಷಿಣದ ನಿಂಬೆ. ಮೇಜು ನೋಡಿದರೆ ಹಡಗುಗಳು ಎಲ್ಲೆಲ್ಲಿ ಹೋಗಿ ಬಂದವು ಅಂತ ಹೇಳಬಹುದು. ಆ ಹಡಗುಗಳು ಹೋದ ಕಡೆ ಏನೇನು ಮಾಡಿ ಬಂದವು ಅನ್ನುವುದು ಮಾತ್ರ ಮೇಜಿನ ಮೇಲೆ ಇಲ್ಲ. ಸಕ್ಕರೆ ಮಿಠಾಯಿ ಇರುತ್ತದೆ, ಕಬ್ಬಿನ ತೋಟದಲ್ಲಿ ಗುಲಾಮನಾಗಿ ದುಡಿದವನು ಇರುವುದಿಲ್ಲ.

ಇನ್ನು ವ್ಯಾನಿಟಾಸ್ ಅನ್ನುವ ಜಾತಿ ಇದೆಯಲ್ಲ, ಅದು ಇನ್ನೂ ಚಾಲಾಕು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಹಾರ್ಮೆನ್ ಸ್ಟೀನ್ವೈಕ್ ಬರೆದದ್ದು ಒಂದಿದೆ, 1640ರ ಆಸುಪಾಸಿನದು. ನಡುವೆ ಒಂದು ತಲೆಬುರುಡೆ, ಅದರ ಮೇಲೆ ಓರೆಯಾಗಿ ಬೀಳುವ ಬೆಳಕು. ಸುತ್ತ ಪುಸ್ತಕ, ವಾದ್ಯ, ಗಡಿಯಾರ, ಆಗಷ್ಟೇ ಆರಿದ ದೀಪ, ಒಂದು ಜಪಾನಿ ಕತ್ತಿ, ಒಂದು ಚಿಪ್ಪು. ಎಲ್ಲ ವ್ಯರ್ಥ, ಎಲ್ಲ ಬಿಟ್ಟು ಹೋಗುವುದೇ ಅಂತ ಸಂದೇಶ. ಸರಿ ಸ್ವಾಮಿ, ಒಪ್ಪಿದೆ. ಆದರೆ ಆಸ್ತಿಯೆಲ್ಲ ವ್ಯರ್ಥ ಅನ್ನುವ ಚಿತ್ರವನ್ನು ದುಡ್ಡು ಕೊಟ್ಟು ಕೊಂಡು, ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ತೋರಿಸಿದರೆ ಅದೂ ಆಸ್ತಿಯೇ ಅಲ್ವಾ? ಎರಡೂ ಕೈಯಲ್ಲಿ ಲಾಡು. ಶೋಕಿಗೆ ಶೋಕಿ, ವೈರಾಗ್ಯಕ್ಕೆ ವೈರಾಗ್ಯ.

ಹಾಗಾಗಿ ಪ್ರಶ್ನೆ ಕೇಳಿದವರೇ, ನಿಮ್ಮ ಬೆಂಚು ಹುಡುಕುವ ಬುದ್ಧಿ ಸರಿಯಾಗೇ ಇದೆ.

ಒಣಗದ ಬಣ್ಣ:

ಮುಸುಕಿನ ಗುದ್ದು ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅದು ಕೊಂಡವನ ಕತೆ. ಬರೆದವರ ಕತೆ ಬೇರೆ. ನಾನು ಎಣ್ಣೆ ಬಣ್ಣದಲ್ಲಿ ಒಂದಷ್ಟು ವರ್ಷದಿಂದ ಕೈ ಕೆಡಿಸಿಕೊಳ್ಳುತ್ತಿದ್ದೇನೆ, ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ.

ಡಚ್ ಚಿತ್ರಗಳಲ್ಲಿ ಅರ್ಧ ಸುಲಿದ ನಿಂಬೆಹಣ್ಣು ಎಷ್ಟು ಸಲ ಬರುತ್ತದೆ ಅಂತ ಗಮನಿಸಿ. ಸಿಪ್ಪೆ ಸುರುಳಿಯಾಗಿ ಮೇಜಿನ ಅಂಚಿನಿಂದ ಕೆಳಗೆ ಇಳಿದಿರುತ್ತದೆ. ನಿಂಬೆಯ ಹಾಗೆ ಲೋಕವೂ ನೋಡೋಕೆ ಚೆಂದ, ಬಾಯಿಗಿಟ್ಟರೆ ಹುಳಿ ಅಂತೆಲ್ಲ ಅರ್ಥ ಹೇಳುತ್ತಾರೆ. ಇರಬಹುದು. ನಾನು ಒಂದು ಸಲ ನಿಜವಾಗಿ ಸುಲಿದಿಟ್ಟು ಬರೆಯಲು ಕೂತೆ. ಆಗ ಗೊತ್ತಾಯಿತು ಯಾಕೆ ಅಂತ. ಒಂದೇ ಹಣ್ಣಿನಲ್ಲಿ ಮೂರು ಪರೀಕ್ಷೆ ಇದೆ. ಹೊರಗಿನ ಸಿಪ್ಪೆ ಹೊಳೆಯುತ್ತದೆ, ಅದರ ತುಂಬ ಸಣ್ಣ ಸಣ್ಣ ಗುಳಿ, ಪ್ರತಿ ಗುಳಿಗೂ ಒಂದು ಬೆಳಕಿನ ಚುಕ್ಕೆ. ಅದರ ಒಳಗಿನ ಬಿಳಿ ಪದರ ಹತ್ತಿಯ ಹಾಗೆ, ಒಂದಿಷ್ಟೂ ಹೊಳೆಯುವುದಿಲ್ಲ. ಅದರೊಳಗೆ ತಿರುಳು, ಅದು ಒದ್ದೆ, ಬೆಳಕು ಅದರ ಮೇಲೆ ನಿಲ್ಲುವುದಿಲ್ಲ, ಒಳಗೆ ಹೋಗಿ ಆ ಕಡೆಯಿಂದ ಬರುತ್ತದೆ. ಮೂರನ್ನೂ ಹಳದಿ-ಬಿಳಿಯ ನಡುವೆಯೇ ಹೇಳಬೇಕು.

ಮೊದಲ ದಿನ ನೆರಳಿಗೆ ಅಂತ ಹಳದಿಗೆ ಕಪ್ಪು ಬೆರೆಸಿದೆ. ಹಸಿರಾಯಿತು. ಕಪ್ಪು ಬೆರೆತ ಹಳದಿ ಹಸಿರಿಗೆ ತಿರುಗುತ್ತದೆ, ಇದು ಎಲ್ಲ ಹೊಸಬರೂ ಬೀಳುವ ಹಳ್ಳ. ನನ್ನ ನಿಂಬೆ ಬೂಷ್ಟು ಹಿಡಿದ ಹಾಗೆ ಕಂಡಿತು. ಕೆರೆದು ತೆಗೆದು, ಮಾರನೇ ದಿನ ಕಂದು, ಒಂದು ಚೂರು ನೇರಳೆ ಹಾಕಿ ಸರಿಮಾಡಿದೆ. ಅಷ್ಟರಲ್ಲಿ ನಿಜವಾದ ಹಣ್ಣು ಬಾಡಲು ಶುರು. ತಿರುಳಿನ ಮೇಲೆ ಪೊರೆ ಕಟ್ಟಿತು, ಹೊಳಪು ಹೋಯಿತು, ಸಿಪ್ಪೆ ಸುರುಳಿ ಗಟ್ಟಿಯಾಗಿ ಬೇರೆ ಕಡೆಗೆ ತಿರುಗಿಕೊಂಡಿತು. ಮೂರನೇ ದಿನ ನಾನು ಬರೆಯುತ್ತಿದ್ದದ್ದು ಮೊದಲ ದಿನದ ಹಣ್ಣಿನ ನೆನಪನ್ನು. ಎದುರಿಗೆ ಇದ್ದದ್ದು ಬೇರೆಯದೇ ಹಣ್ಣು. ಯಾವುದೂ ಅಲುಗಾಡುವುದಿಲ್ಲ ಅಂತ ಈ ಚಿತ್ರಕ್ಕೆ ಸ್ಟಿಲ್ ಅಂತ ಹೆಸರಿಟ್ಟವನು ಒಂದೇ ಒಂದು ಹಣ್ಣು ಬರೆದು ನೋಡಬೇಕಿತ್ತು.

ಹೆಸರಿನ ಮಾತು ಬಂತು ಅಂತ ಹೇಳುತ್ತೇನೆ. ಈ ಪದ ಬಂದದ್ದು ಡಚ್ಚಿನ "ಸ್ಟಿಲ್‌ಲೇವನ್"ನಿಂದ, 1650ರ ಹೊತ್ತಿಗೆ ಬಳಕೆಗೆ ಬಂತು. ಫ್ರೆಂಚರು "ನಾತ್ಯೂರ್ ಮೋರ್ತ್" ಅಂದರು, ಸತ್ತ ಪ್ರಕೃತಿ. ಒಬ್ಬರಿಗೆ ಸುಮ್ಮನೆ ಕೂತಿರುವುದು, ಇನ್ನೊಬ್ಬರಿಗೆ ಹೆಣ. ಫ್ರೆಂಚರ ಅಕಾಡೆಮಿ ಚಿತ್ರಗಳಿಗೆ ಮೆಟ್ಟಿಲು ಬೇರೆ ಕಟ್ಟಿತ್ತು. 1660ರ ದಶಕದಲ್ಲಿ ಫೆಲಿಬಿಯೆನ್ ಅನ್ನುವವನು ಅದನ್ನು ಬರೆದೇ ಇಟ್ಟ: ಪುರಾಣ ಮತ್ತು ಚರಿತ್ರೆ ಮೇಲೆ, ಆಮೇಲೆ ಮುಖಚಿತ್ರ, ಪ್ರಾಣಿ, ಭೂದೃಶ್ಯ, ಎಲ್ಲಕ್ಕಿಂತ ಕೆಳಗೆ ಹಣ್ಣು ಹೂವು.

ಆ ಕೊನೆಯ ಮೆಟ್ಟಿಲಿನಿಂದ ಒಂದು ಒಳ್ಳೆಯದೂ ಆಯಿತು. ಬೆತ್ತಲೆ ಮೈ ನೋಡಿ ಬರೆಯುವ ತರಗತಿಗೆ ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ. ಅದಿಲ್ಲದೆ ಚರಿತ್ರೆಯ ದೊಡ್ಡ ಚಿತ್ರ ಬರೆಯುವುದು ಕಷ್ಟ. ಆದರೆ ಮೇಜಿನ ಮೇಲೆ ಚೀಸ್ ಇಟ್ಟುಕೊಂಡರೆ ಯಾರು ಬೇಡ ಅನ್ನುತ್ತಾರೆ? ಕ್ಲಾರಾ ಪೀಟರ್ಸ್ 1607ರಿಂದಲೇ ಬರೆಯುತ್ತಿದ್ದಳು, ಅಂದರೆ ಈ ಬಗೆಯ ಚಿತ್ರ ಇನ್ನೂ ಕಣ್ಣು ಬಿಡುತ್ತಿದ್ದಾಗ. ಹೇಗ್ ನಗರದ ಮಾರಿಟ್ಸ್‌ಹಾಯಿಸ್‌ನಲ್ಲಿ ಅವಳ ಚೀಸ್ ಮತ್ತು ಬಾದಾಮಿ ಚಿತ್ರ ಇದೆ. ಹಿಂದೆ ಒಂದು ಹೂಜಿ, ಅದರ ಲೋಹದ ಮುಚ್ಚಳದಲ್ಲಿ ಉಗುರಿನಷ್ಟು ಸಣ್ಣದಾಗಿ ಒಂದು ಮುಖ. ಅದು ಅವಳೇ. ಮುಂದೆ ಇಟ್ಟ ಚಾಕುವಿನ ಹಿಡಿಯ ಮೇಲೆ ಅವಳದೇ ಹೆಸರು ಕೆತ್ತಿದ ಹಾಗೆ ಬರೆದಿದ್ದಾಳೆ. 2016ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ಅವಳ ಚಿತ್ರಗಳ ಪ್ರದರ್ಶನ ಮಾಡಿತು. ಒಬ್ಬಳು ಚಿತ್ರಗಾರ್ತಿಗೆ ಅಂತಲೇ ಆ ಮ್ಯೂಸಿಯಂ ಪ್ರದರ್ಶನ ಇಟ್ಟದ್ದು ಅದೇ ಮೊದಲು. 2016, ನೆನಪಿರಲಿ.

ಹಾಗಾಗಿ ನೀವು ಕೇಳಿದ "ಏನು ನೋಡಬೇಕು"ಗೆ ನನ್ನ ಉತ್ತರ: ಮೊದಲು ಹೊಳೆಯುವ ವಸ್ತು ಹುಡುಕಿ. ಲೋಟ, ಚಮಚ, ಪಾತ್ರೆಯ ಹೊಟ್ಟೆ. ಅದರೊಳಗೆ ಕಿಟಕಿ ಕಾಣುತ್ತದೆ. ಕಿಟಕಿಯ ಪಕ್ಕ ಕೆಲವು ಸಲ ಒಂದು ಆಕೃತಿ. ಖಾಲಿ ಕೋಣೆ ಅಂದುಕೊಂಡಿರುತ್ತೀರಿ, ಅಲ್ಲಿ ಒಬ್ಬರು ಕೂತಿರುತ್ತಾರೆ.

ಅರ್ಧ ಪೆನ್ಸಿಲ್:

ಮುಚ್ಚಳದ ಮುಖ ಹುಡುಕಿದೆ. ದೊಡ್ಡದು ಮಾಡಿ ನೋಡುವವರೆಗೂ ಸಿಗಲಿಲ್ಲ. ಸಿಕ್ಕಿದ ಮೇಲೆ ಮೈ ಜುಮ್ ಅಂದಿತು, ಸುಳ್ಳು ಹೇಳುವುದಿಲ್ಲ.

ಹೂವಿನ ಚಿತ್ರಗಳ ಬಗ್ಗೆ ಒಂದು ಅನುಮಾನ. ಬೊಸ್ಸಾರ್ಟ್ ಅನ್ನುವವನ ಹೂಗುಚ್ಛ ನೋಡುತ್ತಿದ್ದೆ. ಟ್ಯೂಲಿಪ್, ಗುಲಾಬಿ, ಐರಿಸ್ ಎಲ್ಲ ಒಂದೇ ಹೂದಾನಿಯಲ್ಲಿ, ಎಲ್ಲವೂ ಪೂರ್ತಿ ಅರಳಿವೆ. ಒಂದು ನಿಂಬೆ ಮೂರು ದಿನಕ್ಕೆ ಬಾಡಿದರೆ ಇಷ್ಟು ಹೂವನ್ನು ಇಟ್ಟುಕೊಂಡು ಬರೆದದ್ದು ಹೇಗೆ?

ಹಳೇ ಕುಂಚ:

ಇಟ್ಟುಕೊಳ್ಳಲೇ ಇಲ್ಲ! ಆ ಗುಚ್ಛ ಯಾವ ಮೇಜಿನ ಮೇಲೂ ಯಾವತ್ತೂ ಇರಲಿಲ್ಲ. ಟ್ಯೂಲಿಪ್ ವಸಂತದ ಹೂವು, ಗುಲಾಬಿ ಬರುವ ಹೊತ್ತಿಗೆ ಅದು ಉದುರಿರುತ್ತದೆ. ಒಂದೊಂದು ಹೂವು ಅರಳಿದಾಗ ಅದರ ಚಿತ್ರ ಬರೆದಿಟ್ಟುಕೊಂಡು, ಆಮೇಲೆ ಎಲ್ಲವನ್ನೂ ಒಟ್ಟು ಸೇರಿಸುತ್ತಿದ್ದರು. ಬೊಸ್ಸಾರ್ಟ್‌ನ ಬೇರೆ ಬೇರೆ ಚಿತ್ರಗಳಲ್ಲಿ ಅದೇ ಹೂವು ಅದೇ ಭಂಗಿಯಲ್ಲಿ ಮತ್ತೆ ಬರುತ್ತದೆ, ಹುಡುಕಿ ನೋಡಿ. ಯಾನ್ ಬ್ರೂಗೆಲ್ ಇನ್ನೂ ಹಟಮಾರಿ. ನಿಜವಾದ ಹೂವನ್ನೇ ನೋಡಿ ಬರೆಯುತ್ತೇನೆ ಅಂತ ಹಟ, ಆಂಟ್ವರ್ಪ್‌ನಲ್ಲಿ ಸಿಗದ ಹೂವಿಗಾಗಿ ಬ್ರಸೆಲ್ಸ್‌ಗೆ ಹೋಗಿ ಬಂದೆ ಅಂತ ಮಿಲಾನ್‌ನ ಕಾರ್ಡಿನಲ್ ಬೊರೊಮಿಯೊಗೆ ಕಾಗದ ಬರೆದಿದ್ದ. ಕಾರವಾಜ್ಜೊನ ಹುಳುಕು ಸೇಬಿನ ಬುಟ್ಟಿ ಇದ್ದದ್ದೂ ಇದೇ ಕಾರ್ಡಿನಲ್ ಹತ್ತಿರ. ಒಬ್ಬನೇ ಗಿರಾಕಿ, ಒಂದು ಕಡೆ ಎಂದೂ ಬಾಡದ ಹೂವು, ಇನ್ನೊಂದು ಕಡೆ ಆಗಲೇ ಬಾಡಿದ ಎಲೆ.

ರಾಕೆಲ್ ರೈಶ್ ಹೆಸರನ್ನೂ ಬರೆದಿಟ್ಟುಕೊಳ್ಳಿ. 1664ರಲ್ಲಿ ಹುಟ್ಟಿದವಳು. ಅಪ್ಪ ಅಂಗರಚನೆ ಮತ್ತು ಸಸ್ಯಗಳ ಪಂಡಿತ, ಸತ್ತದ್ದನ್ನು ಕೆಡದ ಹಾಗೆ ಕಾಪಾಡಿ ಇಡುವುದರಲ್ಲಿ ಹೆಸರುವಾಸಿ. ಮಗಳು ಅದೇ ಕೆಲಸವನ್ನು ಬಣ್ಣದಲ್ಲಿ ಮಾಡಿದಳು ಅನ್ನಬಹುದು. ಹತ್ತು ಮಕ್ಕಳ ತಾಯಿ, ಎಂಬತ್ತು ದಾಟಿದ ಮೇಲೂ ಬರೆಯುತ್ತಿದ್ದಳು. ಅವಳ ಹೂಗಳ ಕೆಳಗೆ ನೋಡಿ, ಹುಳ, ಜೀರುಂಡೆ, ತೂತು ಬಿದ್ದ ಎಲೆ.

ಮುಸುಕಿನ ಗುದ್ದು:

ಅಂದರೆ ನೋಡಿ ಬರೆದದ್ದು ಅಂತ ಹೇಳಿ ಜೋಡಿಸಿ ಬರೆದದ್ದು. ನಾನು ಹೇಳಿದ್ದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು, ಥ್ಯಾಂಕ್ಸ್.

ಆದರೂ ಒಂದು ಮಾತು ಒಪ್ಪುತ್ತೇನೆ. ಫ್ರಾನ್ಸಿನ ಚಿತ್ರಗಾರ ಶಾರ್ಡೆನ್ ಮುಂದೆ ನನ್ನ ವಾದ ನಡೆಯುವುದಿಲ್ಲ. ಅವನದು ಶೋಕಿಯ ಮೇಜಲ್ಲ. ತಾಮ್ರದ ಪಾತ್ರೆ, ಮೊಟ್ಟೆ, ಒಂದು ಲೋಟ ನೀರು. 1728ರಲ್ಲಿ ಅವನನ್ನು ಅದೇ ಮೆಟ್ಟಿಲಿನ ಅಕಾಡೆಮಿ ಸೇರಿಸಿಕೊಂಡಿತು, "ಪ್ರಾಣಿ ಮತ್ತು ಹಣ್ಣು ಬರೆಯುವವನು" ಅಂತ. ಆಗ ಕೊಟ್ಟ ಚಿತ್ರಗಳಲ್ಲಿ ಒಂದು ಲೂವ್ರ್‌ನಲ್ಲಿದೆ: ಹೊಟ್ಟೆ ಸೀಳಿ ಕೊಕ್ಕೆಗೆ ನೇತುಹಾಕಿದ ತೊರಕೆ ಮೀನು (ಇಂಗ್ಲಿಷಿನಲ್ಲಿ ರೇ). ಅದರ ಕೆಳಭಾಗ ನೋಡಿದರೆ ಮನುಷ್ಯನ ಮುಖದ ಹಾಗೆ, ನೋವಿನಲ್ಲಿ ನಕ್ಕ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಸಿಂಪಿಗಳ ಮೇಲೆ ಬೆನ್ನು ಉಬ್ಬಿಸಿದ ಬೆಕ್ಕು. ನನಗೆ ಅದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಸಾಮಾನಿನ ಚಿತ್ರ ನೋಡಿ ನಿದ್ದೆ ಕೆಡುವುದು ಅಂದರೆ!

ಮೂರು ಬಾಟಲಿ:

ತಡವಾಗಿ ಬಂದೆ. ಎಲ್ಲರೂ 18ನೇ ಶತಮಾನದಲ್ಲೇ ನಿಂತಿದ್ದೀರಿ, ನನ್ನ ಪ್ರಕಾರ ನಿಜವಾದ ಮಜಾ ಆಮೇಲೆ.

ಫ್ರಾನ್ಸಿನ ಚಿತ್ರಗಾರ ಸೆಜಾನ್ ಕತೆ ಕೇಳಿ. ಮನುಷ್ಯ ಬಹಳ ನಿಧಾನ. ಒಂದೊಂದು ಗೆರೆಗೂ ಯೋಚಿಸಿ ಯೋಚಿಸಿ ಬರೆಯುವವನು, ಹೂವು ಬಾಡಿಹೋಗುತ್ತದೆ ಅಂತ ಕಾಗದದ ಹೂವು ಇಟ್ಟುಕೊಳ್ಳುತ್ತಿದ್ದ. ಹಣ್ಣು ಜೋಡಿಸುವಾಗ ಬೇಕಾದ ಕಡೆ ವಾಲಲಿ ಅಂತ ಅಡಿಗೆ ನಾಣ್ಯ ಇಡುತ್ತಿದ್ದನ್ನು ಕಂಡವರು ಹೇಳಿದ್ದಾರೆ. ಶಿಕಾಗೋದಲ್ಲಿ ಅವನ ಸೇಬಿನ ಬುಟ್ಟಿ ಇದೆ, 1893ರ ಹೊತ್ತಿನದು. ಮೇಜಿನ ಮುಂದಿನ ಅಂಚನ್ನು ಎಡದಿಂದ ಬೆರಳಿಟ್ಟು ಹಿಡಿದುಕೊಂಡು ಬನ್ನಿ. ನಡುವೆ ಬಟ್ಟೆ ಅಡ್ಡ ಬರುತ್ತದೆ. ಬಟ್ಟೆ ದಾಟಿ ಬಲಕ್ಕೆ ಹೋದರೆ ಅಂಚು ಬೇರೆ ಎತ್ತರದಲ್ಲಿ ಸಿಗುತ್ತದೆ! ಬಾಟಲಿ ವಾಲಿದೆ. ಎಲ್ಲ ಜಾರಿ ಬೀಳಬೇಕು, ಬೀಳುವುದಿಲ್ಲ. ಒಂದೇ ಕಣ್ಣಿಟ್ಟು ಒಂದೇ ಜಾಗದಿಂದ ನೋಡಿದ ಮೇಜಲ್ಲ ಅದು. ತಲೆ ಆ ಕಡೆ ಈ ಕಡೆ ಆಡಿಸುತ್ತ, ದಿನಗಟ್ಟಲೆ ನೋಡಿದ ಮೇಜು. ಪಿಕಾಸೊ, ಬ್ರಾಕ್ ಇಬ್ಬರೂ ಇದನ್ನು ಹಿಡಿದುಕೊಂಡೇ ಮುಂದೆ ಹೋದದ್ದು. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚು ಹಾಕಿದ ಆಯಿಲ್ ಕ್ಲಾತನ್ನೇ ಕ್ಯಾನ್‌ವಾಸಿಗೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಕಟ್ಟಿದ. ಇಷ್ಟೆಲ್ಲ ಕಿತಾಪತಿಗೆ ಬೇರೆ ಯಾವ ವಿಷಯ ತಡೆದುಕೊಳ್ಳುತ್ತಿತ್ತು ಹೇಳಿ? ರಾಜನ ಮುಖ ಹೀಗೆ ಸೊಟ್ಟ ಬರೆದರೆ ರಾಜ ಸಿಟ್ಟಾಗುತ್ತಾನೆ. ಸೇಬು ಏನೂ ಅನ್ನುವುದಿಲ್ಲ.

ನಡುವೆ ಒಂದು ತಮಾಷೆ. 1880ರಲ್ಲಿ ಫ್ರಾನ್ಸಿನ ಚಿತ್ರಗಾರ ಮಾನೆ ಒಂದು ಕಟ್ಟು ಶತಾವರಿ (ಆಸ್ಪರಾಗಸ್) ದಂಟು ಬರೆದು, ಚಿತ್ರ ಸಂಗ್ರಹಿಸುತ್ತಿದ್ದ ಷಾರ್ಲ್ ಎಫ್ರುಸಿಗೆ 800 ಫ್ರಾಂಕಿಗೆ ಮಾರಿದ. ಎಫ್ರುಸಿ ಖುಷಿಯಾಗಿ 1000 ಕಳಿಸಿದ. ಮಾನೆ ಸುಮ್ಮನಿರದೆ ಒಂದೇ ಒಂದು ದಂಟಿನ ಪುಟ್ಟ ಚಿತ್ರ ಬರೆದು, ನಿಮ್ಮ ಕಟ್ಟಿನಲ್ಲಿ ಇದೊಂದು ಕಮ್ಮಿಯಾಗಿತ್ತು ಅಂತ ಚೀಟಿ ಇಟ್ಟು ಕಳಿಸಿದ. ಕಟ್ಟು ಈಗ ಜರ್ಮನಿಯ ಕಲೋನ್‌ನಲ್ಲಿದೆ, ಒಂಟಿ ದಂಟು ಪ್ಯಾರಿಸ್ಸಿನ ಓರ್ಸೆಯಲ್ಲಿ. ಪಾಪ, ಮತ್ತೆ ಅಗಲಿದವು.

ನನ್ನ ಹೆಸರಿನ ಕಾರಣ ಇಟಲಿಯ ಚಿತ್ರಗಾರ ಮೊರಾಂಡಿ. 1890ರಿಂದ 1964, ಬೊಲೊನ್ಯಾ. ಮದುವೆ ಇಲ್ಲ, ಮೂವರು ತಂಗಿಯರ ಜೊತೆ ಒಂದೇ ಮನೆ. ಮಲಗುವ ಕೋಣೆಯೇ ಚಿತ್ರದ ಕೋಣೆ. ಅದೇ ಬಾಟಲಿ, ಅದೇ ಡಬ್ಬ, ಅದೇ ಹೂಜಿ, ವರ್ಷಗಟ್ಟಲೆ. ಗಾಜು ಹೊಳೆಯಬಾರದು ಅಂತ ಬಾಟಲಿಗಳಿಗೇ ಬಣ್ಣ ಬಳಿಯುತ್ತಿದ್ದ. ಅವುಗಳ ಮೇಲೆ ಕೂತ ಧೂಳನ್ನು ಒರೆಸುತ್ತಿರಲಿಲ್ಲ. ಒಣಗದ ಬಣ್ಣ ಅವರು ಹೇಳಿದ ಹೊಳಪಿನ ಆಟವನ್ನೆಲ್ಲ ಅವನು ಬೇಕಂತಲೇ ಬಿಟ್ಟುಬಿಟ್ಟ. ಅರ್ಥ ಹುಡುಕಬೇಡಿ, ತಲೆಬುರುಡೆ ಇಲ್ಲ, ಚಿಪ್ಪಿಲ್ಲ. ಎರಡು ಬಾಟಲಿ ಮುಟ್ಟುತ್ತವೋ ಇಲ್ಲವೋ ಅನ್ನುವಷ್ಟು ಹತ್ತಿರ ನಿಂತಿರುತ್ತವೆ. ಆ ನಡುವಿನ ಸಂದಿಯ ಬೂದು ಬಣ್ಣ ಬಾಟಲಿಯದೋ ಗೋಡೆಯದೋ ಹೇಳಲು ಆಗುವುದಿಲ್ಲ. ನನಗೆ ಮೊದಲ ಸಲ ನೋಡಿದಾಗ ಏನೂ ಅನ್ನಿಸಲಿಲ್ಲ, ನಿಜ. ಐದಾರು ಚಿತ್ರ ಸಾಲಾಗಿ ನೋಡಿದ ಮೇಲೆ, ಒಂದು ಬಾಟಲಿ ಬೆರಳಿನಷ್ಟು ಸರಿದದ್ದು ನನಗೆ ದೊಡ್ಡ ಸುದ್ದಿಯಾಗಿ ಕಂಡಿತು. ಮೂರು ವಾರ ಒಂದೇ ಹೂಜಿ ಅಂತ ನೀವು ಗೊಣಗುತ್ತಿದ್ದೀರಿ, ಅದಕ್ಕೆ ಹೇಳಿದೆ.

ಯುರೋಪು ಬಿಟ್ಟು ಒಂದು ಹೆಸರು: 13ನೇ ಶತಮಾನದ ಚೀನಾದ ಸನ್ಯಾಸಿ ಮುಚಿ. ಆರು ಪರ್ಸಿಮನ್ ಹಣ್ಣು, ಬರೀ ಮಸಿಯಲ್ಲಿ. ಕ್ಯೋಟೊದ ದೈತೊಕುಜಿ ಮಂದಿರದಲ್ಲಿದೆ. ಮೇಜಿಲ್ಲ, ನೆರಳಿಲ್ಲ, ಗೋಡೆಯಿಲ್ಲ. ಒಂದು ಹಣ್ಣು ಕಡುಗಪ್ಪು, ತುದಿಯ ಎರಡು ಬರೀ ಗೆರೆ, ಒಂದು ಸ್ವಲ್ಪ ಕೆಳಗೆ ಜಾರಿ ಕೂತಿದೆ. ಅದು ಯಾಕೆ ಕೆಳಗಿದೆ ಅಂತ ನಾನು ಇನ್ನೂ ಯೋಚಿಸುತ್ತಿದ್ದೇನೆ.

ಒಣಗದ ಬಣ್ಣ:

ಧೂಳು ಒರೆಸದೇ ಇರುವುದಕ್ಕೆ ಒಳ್ಳೆ ನೆಪ ಸಿಕ್ಕಿತು, ಮನೆಯಲ್ಲಿ ಹೇಳಿ ನೋಡುತ್ತೇನೆ.

ಪೆನ್ಸಿಲ್ ಅವರೇ, ನಿಮ್ಮ ಹೂಜಿ ಹೇಗಿದೆ?

ಅರ್ಧ ಪೆನ್ಸಿಲ್:

ಹೂಜಿ ಹಾಗೇ ಇದೆ. ಈರುಳ್ಳಿ ಹಾಗಿಲ್ಲ.

ನಿನ್ನೆ ಕ್ಲಾಸಿನಲ್ಲಿ ಮೊಳಕೆಯನ್ನು ಬರೆಯಲು ಕೂತೆ. ಬುಡದಲ್ಲಿ ಬಿಳಿ, ಆಮೇಲೆ ತೆಳು ಹಳದಿ, ತುದಿಗೆ ಹೋಗುತ್ತ ಹಸಿರು, ಎಲ್ಲಿ ಯಾವುದು ಮುಗಿಯಿತು ಅಂತ ಗೆರೆ ಎಳೆಯಲು ಆಗುತ್ತಿಲ್ಲ. ಹೊರಗಿನ ಸಿಪ್ಪೆ ಬಿಟ್ಟುಕೊಂಡ ಜಾಗದಲ್ಲಿ ಬೆಳಕು ಒಳಗೆ ಹೋಗಿ ಕೆಂಪಗೆ ಕಾಣುತ್ತಿತ್ತು, ನಿಂಬೆಯ ತಿರುಳಿನ ಬಗ್ಗೆ ಹೇಳಿದ ಹಾಗೇ. ಮೂರು ವಾರ ಅದರ ಎದುರಿಗೇ ಕೂತಿದ್ದೆ, ಕಂಡಿರಲಿಲ್ಲ. ಹೂಜಿಯ ಹೊಟ್ಟೆಯಲ್ಲಿ ಕಿಟಕಿ ಹುಡುಕಿದೆ, ಮಣ್ಣಿನ ಹೂಜಿ ಅಲ್ವಾ, ಏನೂ ಕಾಣಲಿಲ್ಲ. ಬೆಪ್ಪನಾದೆ.

ಇವತ್ತು ಮೇಷ್ಟ್ರಿಗೆ ತೋರಿಸಿದೆ. ಅವರು ಚಿತ್ರ ನೋಡಿದರು, ಮೇಜು ನೋಡಿದರು, ಮೊಳಕೆ ನಿನ್ನೆಗಿಂತ ಕಿಟಕಿಯ ಕಡೆಗೆ ಬಾಗಿದೆ, ಹಾಗಾಗಿ ಬಟ್ಟೆಯ ಮೇಲಿನ ನೆರಳು ತಪ್ಪು ಅಂದರು. ನೋಡಿದರೆ ನಿಜವಾಗಿಯೂ ಬಾಗಿದೆ. ನೆರಳು ಅಳಿಸಿದ್ದೇನೆ. ಈರುಳ್ಳಿಯನ್ನು ಯಾರೂ ಮುಟ್ಟಬಾರದು ಅಂತ ಒಂದು ಚೀಟಿ ಬರೆದು ಮೇಜಿಗೆ ಅಂಟಿಸಿ ಬಂದೆ.